ಬೀದಿಯ ಕೆಲಸ ಮಾಡಿಸಿಕೊಳ್ಳುವ ಬಗೆ: ಬೆಂಗಳೂರಿನ ಬಡಾವಣೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕ್ರಾಸ್ ಮುಖ್ಯರಸ್ತೆಗೆ ಸೇರುವ ತಿರುವಿನಲ್ಲಿ ಚರಂಡಿ ಮೇಲಿನ ಚಪ್ಪಡಿಯೊಂದು ನೀರಿನ ಟ್ಯಾಂಕರ್ ಹತ್ತಿ ಮುರಿಯಿತು. ಅರ್ಧ ಒಳಗೆ ಬಿತ್ತು, ಉಳಿದರ್ಧ ತುಕ್ಕು ಹಿಡಿದ ಕಂಬಿಗೆ ನೇತಾಡುತ್ತಿತ್ತು. ಯಾರೋ ಪುಣ್ಯಾತ್ಮರು ಅದರೊಳಗೆ ತೆಂಗಿನ ಗರಿಯೊಂದನ್ನು ನಿಲ್ಲಿಸಿ ತುದಿಗೆ ಕೆಂಪು ಬಟ್ಟೆ ಕಟ್ಟಿದರು. ಮೂರನೇ ದಿನ ಸಂಜೆ ಕರೆಂಟ್ ಹೋಗಿದ್ದಾಗ, ದೇವಸ್ಥಾನದಿಂದ ಬರುತ್ತಿದ್ದ ಎದುರುಮನೆ ಅಜ್ಜಿ ಅದರಲ್ಲೇ ಕಾಲಿಟ್ಟರು. ಮೊಣಕಾಲಿನ ಚರ್ಮ ಕಿತ್ತುಹೋಯಿತು. ಮೂಳೆ ಉಳಿದದ್ದು ದೊಡ್ಡದು.

ಅಷ್ಟರಲ್ಲಾಗಲೇ ನಾಲ್ಕು ಮನೆಯವರು ಬೇರೆ ಬೇರೆಯಾಗಿ ಫೋನ್ ಮಾಡಿ ದೂರು ಕೊಟ್ಟಿದ್ದೆವು. ಇನ್ನೊಬ್ಬರು ಕೊಟ್ಟಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಎರಡು ದೂರುಗಳು ತಪ್ಪು ಇಲಾಖೆಗೆ ಹೋಗಿದ್ದವು. ಒಂದಕ್ಕೆ ‘ಪರಿಹರಿಸಲಾಗಿದೆ’ ಎಂದು ಮೆಸೇಜೂ ಬಂದಿತ್ತು. ಗರಿ ಮಾತ್ರ ಒಣಗುತ್ತಾ ಅಲ್ಲೇ ನಿಂತಿತ್ತು. ಆಮೇಲೆ ಐದು ವಾರದಲ್ಲಿ ಹೊಸ ಚಪ್ಪಡಿ ಕೂತಿತು. ಆ ಐದು ವಾರದಲ್ಲಿ ಕಲಿತದ್ದನ್ನು, ಅದಾದ ಮೇಲೆ ದೀಪ, ಕಸ, ರಸ್ತೆ ಅಂತ ಓಡಾಡಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಬಾಯಿಮಾತಿನ ದೂರಿಗೆ ತಾರೀಖಿರುವುದಿಲ್ಲ, ತಾರೀಖಿಲ್ಲದ ದೂರಿಗೆ ಯಾರೂ ಉತ್ತರ ಕೊಡಬೇಕಿಲ್ಲ. ನಾವು ಮಾಡಿದ್ದೆಲ್ಲ ನಮ್ಮ ದೂರಿಗೊಂದು ತಾರೀಖು, ಒಂದು ನಂಬರು, ಜೊತೆಗೆ ನಾಲ್ಕು ಜನರನ್ನು ಕೂಡಿಸಿದ್ದು, ಅಷ್ಟೇ.

ಮೊದಲು: ಇದು ಯಾರ ಕೆಲಸ?

ಬೆಂಗಳೂರಿನಲ್ಲಿ ಅರ್ಧ ದೂರುಗಳು ಇಲ್ಲೇ ದಾರಿ ತಪ್ಪುತ್ತವೆ. ಒಂದೇ ಬೀದಿಯಲ್ಲಿ ಐದಾರು ಸಂಸ್ಥೆಗಳು ಕೆಲಸ ಮಾಡುತ್ತವೆ, ಒಬ್ಬರ ಕೆಲಸವನ್ನು ಇನ್ನೊಬ್ಬರು ಮುಟ್ಟುವುದಿಲ್ಲ.

2007ರಲ್ಲಿ ಹುಟ್ಟಿದ ಬಿಬಿಎಂಪಿ ಈಗಿಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್ 2ರಿಂದ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ನಗರ ಪಾಲಿಕೆಗಳಾದವು. ಐದಕ್ಕೂ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ. ಮುಖ್ಯಮಂತ್ರಿಗಳೇ ಅದರ ಅಧ್ಯಕ್ಷರು. ಹಿಂದಿನ 198 ವಾರ್ಡ್‌ಗಳ ಲೆಕ್ಕ ಹೋಗಿ ಹೊಸ ವಿಂಗಡಣೆಯಲ್ಲಿ ಸಣ್ಣ ಸಣ್ಣ ವಾರ್ಡ್‌ಗಳು ಬಂದಿವೆ. ಹಾಗಾಗಿ ಮನೆಯ ಹಳೇ ತೆರಿಗೆ ರಸೀದಿಯಲ್ಲಿರುವ ವಾರ್ಡ್ ನಂಬರನ್ನೇ ನಂಬಿ ಅರ್ಜಿ ಬರೆಯಬೇಡಿ. ನಿಮ್ಮ ಬೀದಿ ಯಾವ ಪಾಲಿಕೆಗೆ, ಯಾವ ಹೊಸ ವಾರ್ಡಿಗೆ ಬಂದಿದೆಯೆಂದು ಪಾಲಿಕೆಯ ನಕ್ಷೆಯಲ್ಲೋ ಹತ್ತಿರದ ಕಂದಾಯ ಕಚೇರಿಯಲ್ಲೋ ಕೇಳಿ ಬರೆದಿಟ್ಟುಕೊಳ್ಳಿ. ಹಳೇ ನಂಬರನ್ನೂ ಪಕ್ಕದಲ್ಲೇ ಬರೆದಿಡಿ, ಹಳೇ ಕಾಮಗಾರಿಯ ದಾಖಲೆ ಹುಡುಕುವಾಗ ಬೇಕಾಗುತ್ತದೆ.

ಇನ್ನು ಕೆಲಸದ ಹಂಚಿಕೆ. ಬಡಾವಣೆ ರಸ್ತೆ, ಫುಟ್‌ಪಾತ್, ರಸ್ತೆ ಬದಿಯ ಮಳೆನೀರು ಚರಂಡಿ, ಬೀದಿದೀಪ, ಪಾರ್ಕು, ಇವೆಲ್ಲ ಪಾಲಿಕೆಯವು. ಕುಡಿಯುವ ನೀರು ಮತ್ತು ಒಳಚರಂಡಿ ಜಲಮಂಡಳಿಯದು, ಅವರ ಸಹಾಯವಾಣಿ 1916. ಕರೆಂಟು, ಟ್ರಾನ್ಸ್‌ಫಾರ್ಮರ್, ಜೋತುಬಿದ್ದ ವಿದ್ಯುತ್ ತಂತಿ ಬೆಸ್ಕಾಂಗೆ, 1912. ಮನೆಮನೆ ಕಸ ಎತ್ತುವ ಹೊಣೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತಕ್ಕೆ. ದೊಡ್ಡ ರಾಜಕಾಲುವೆಗಳಿಗೆ ವಾರ್ಡ್ ಎಂಜಿನಿಯರ್ ಸಾಲದು, ಬೃಹತ್ ನೀರುಗಾಲುವೆ ವಿಭಾಗವೇ ಬೇಕು. ಮರದ ಕೊಂಬೆ ಕಡಿಸಬೇಕಾದರೆ ಅರಣ್ಯ ಘಟಕದ ಅನುಮತಿ ಬೇಕು, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದರಿಂದ ನಾವೇ ಕೊಡಲಿ ಹಿಡಿಯುವಂತಿಲ್ಲ.

ಹೆಚ್ಚು ಜನ ಎಡವುವುದು ಚರಂಡಿ ಮತ್ತು ಒಳಚರಂಡಿಯ ನಡುವೆ. ಗುರುತು ಸುಲಭ. ರಸ್ತೆ ನಡುವೆ ಗುಂಡಗಿನ ಮುಚ್ಚಳವಿದ್ದು ಅದರಿಂದ ಕೊಳಚೆ ಉಕ್ಕುತ್ತಿದ್ದರೆ ಅದು ಮ್ಯಾನ್‌ಹೋಲ್, ಜಲಮಂಡಳಿಗೆ ಹೇಳಬೇಕು. ಫುಟ್‌ಪಾತ್ ಕೆಳಗೆ ಸಾಲಾಗಿ ಚೌಕದ ಚಪ್ಪಡಿ ಹೊದಿಸಿದ್ದರೆ ಅದು ಮಳೆನೀರು ಚರಂಡಿ, ಪಾಲಿಕೆಗೆ ಹೇಳಬೇಕು. ಮಳೆಯಿಲ್ಲದ ದಿನವೂ ಚಪ್ಪಡಿ ಕೆಳಗೆ ಕಪ್ಪು ನೀರು ಹರಿಯುತ್ತಿದ್ದರೆ ಎಲ್ಲೋ ಒಳಚರಂಡಿ ಪೈಪು ಅದಕ್ಕೆ ಸೇರಿದೆ ಅಂತ ಅರ್ಥ. ಆಗ ಇಬ್ಬರಿಗೂ ಬರೆಯಿರಿ, ಒಬ್ಬರ ಪತ್ರದ ಪ್ರತಿಯನ್ನು ಇನ್ನೊಬ್ಬರಿಗೆ ಲಗತ್ತಿಸಿ. ಸಾಧ್ಯವಾದರೆ ಇಬ್ಬರನ್ನೂ ಒಂದೇ ಹೊತ್ತಿಗೆ ಸ್ಥಳಕ್ಕೆ ಕರೆಯಿರಿ. ಇಬ್ಬರೂ ಎದುರುಬದುರು ನಿಂತಾಗ ‘ಅದು ಅವರದು’ ಅನ್ನುವ ಮಾತು ಹೊರಡುವುದಿಲ್ಲ.

ನಾಲ್ಕು ಜನ, ಒಂದು ನೋಟ್‌ಬುಕ್

ಅಜ್ಜಿ ಬಿದ್ದ ಮಾರನೇ ಭಾನುವಾರ ನಮ್ಮ ಬೀದಿಯ ನಿವೃತ್ತ ಬಿಎಂಟಿಸಿ ಕಂಡಕ್ಟರ್ ಒಬ್ಬರು ಮೂಲೆ ಕಾಂಡಿಮೆಂಟ್ಸ್ ಅಂಗಡಿ ಮುಂದೆ ಆರು ಮನೆಯವರನ್ನು ಸೇರಿಸಿದರು. ಕೈಯಲ್ಲಿ ಇನ್ನೂರು ಪುಟದ ಉದ್ದ ನೋಟ್‌ಬುಕ್. “ಟ್ರಿಪ್ ಶೀಟ್ ಬರೆದ ಕೈ ಸಾರ್ ಇದು, ನಂಬರ್ ಬಿಡಲ್ಲ,” ಅಂದರು. ಅಲ್ಲೇ ಗೀಟು ಹಾಕಿ ಆರು ಅಂಕಣ ಮಾಡಿದರು: ತಾರೀಖು, ತೊಂದರೆ ಏನು, ಯಾರಿಗೆ ಹೇಳಿದ್ದು, ದೂರಿನ ನಂಬರ್, ಅವರು ಕೊಟ್ಟ ಉತ್ತರ, ಮುಂದೆ ಯಾರು ಯಾವತ್ತು ವಿಚಾರಿಸಬೇಕು. ಆ ಕೊನೇ ಅಂಕಣವೇ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅನುಭವ. ಅದಿಲ್ಲದಿದ್ದರೆ ಎಲ್ಲರೂ ಇನ್ನೊಬ್ಬರು ವಿಚಾರಿಸಿದ್ದಾರೆಂದು ಸುಮ್ಮನಿರುತ್ತಾರೆ.

ನೋಟ್‌ಬುಕ್ ಅಂಗಡಿಯಲ್ಲೇ ಇರುತ್ತದೆ. ಹಾಲು, ಬ್ರೆಡ್ಡು ತರಲು ಹೋದವರು ನೋಡಿಕೊಂಡು ಬರುತ್ತಾರೆ. ವಾಟ್ಸ್‌ಆ್ಯಪ್ ಗುಂಪೂ ಇದೆ, ಆದರೆ ಅದರಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳ ಅಡಿಯಲ್ಲಿ ದೂರಿನ ನಂಬರು ಹೂತುಹೋಗುತ್ತದೆ. ಅಲ್ಲದೆ ಬೀದಿಯ ಹಿರಿಯರು, ಮನೆಗೆಲಸಕ್ಕೆ ಬರುವವರು, ಬಾಡಿಗೆ ಶೆಡ್‌ಗಳಲ್ಲಿರುವ ಕುಟುಂಬಗಳು ಆ ಗುಂಪಿನಲ್ಲಿಲ್ಲ. ನಲ್ಲಿಯಲ್ಲಿ ಕೆಂಪು ನೀರು ಬರುತ್ತಿದೆಯೆಂದು ಮೊದಲು ಹೇಳಿದ್ದು ಶೆಡ್‌ನಲ್ಲಿರುವ ಟೈಲರ್ ಅಕ್ಕ. ಬೀದಿ ಅಂದರೆ ಸ್ವಂತ ಮನೆ ಇರುವವರಷ್ಟೇ ಅಂದುಕೊಂಡಿದ್ದರೆ ಆ ಮಾತು ನಮಗೆ ಮುಟ್ಟುತ್ತಲೇ ಇರಲಿಲ್ಲ.

ಇಷ್ಟಕ್ಕೆಲ್ಲ ನೋಂದಾಯಿತ ಸಂಘ ಬೇಕಿಲ್ಲ. ಚಂದಾ ಎತ್ತುವುದು, ಬ್ಯಾಂಕ್ ಖಾತೆ ತೆರೆಯುವುದು, ಪಾರ್ಕ್ ನಿರ್ವಹಣೆ ವಹಿಸಿಕೊಳ್ಳುವುದು ಇದ್ದರೆ ಮಾತ್ರ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಳ್ಳಿ. ಅದಕ್ಕೆ ಕನಿಷ್ಠ ಏಳು ಜನ ಸಾಕು.

ದೂರು ಕೊಡುವುದು

ಪಾಲಿಕೆಯ ವಿಷಯಗಳಿಗೆ 1533ಕ್ಕೆ ಫೋನ್ ಮಾಡಬಹುದು, ಸಹಾಯ ಆ್ಯಪ್‌ನಲ್ಲೂ ಹಾಕಬಹುದು. ರಾಜ್ಯ ಸರ್ಕಾರದ ಯಾವುದೇ ಇಲಾಖೆಗಾದರೆ ಜನಸ್ಪಂದನದ 1902 ಇದೆ. ಎಲ್ಲಿ ಕೊಟ್ಟರೂ ದೂರಿನ ನಂಬರ್ ಸಿಗುವವರೆಗೆ ಫೋನ್ ಇಡಬೇಡಿ, ಸಿಕ್ಕ ತಕ್ಷಣ ನೋಟ್‌ಬುಕ್ಕಿಗೆ ಏರಿಸಿ.

ಫೋಟೋ ಎರಡು ತೆಗೆಯಿರಿ. ಒಂದು ಹತ್ತಿರದಿಂದ, ತೊಂದರೆ ಎಷ್ಟಿದೆಯೆಂದು ಕಾಣುವಂತೆ. ಇನ್ನೊಂದು ದೂರದಿಂದ, ಎದುರಿನ ಅಂಗಡಿ ಬೋರ್ಡೋ ಮನೆ ನಂಬರೋ ಕಾಣುವಂತೆ. ಹತ್ತಿರದ್ದು ಮಾತ್ರ ಕಳಿಸಿದರೆ ಕೆಲಸದವರು ಬಂದು ಬೀದಿ ತುಂಬ ಹುಡುಕಿ ವಾಪಸ್ ಹೋಗುತ್ತಾರೆ. ಗುಂಡಿ ಎಷ್ಟು ದೊಡ್ಡದೆಂದು ತಿಳಿಯಲು ಪಕ್ಕದಲ್ಲೊಂದು ಚಪ್ಪಲಿ ಇಟ್ಟು ತೆಗೆದರೂ ಆಯಿತು. ಬೀದಿದೀಪವಾದರೆ ಕಂಬದ ಮೇಲೆ ಬರೆದಿರುವ ನಂಬರ್ ಬೇಕೇಬೇಕು. ನೀರಿನ ಅಥವಾ ಕರೆಂಟಿನ ದೂರಾದರೆ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್.

ಒಂದು ದೂರಿನಲ್ಲಿ ಒಂದೇ ವಿಷಯ ಇರಲಿ. ಚಪ್ಪಡಿ, ದೀಪ, ನಾಯಿ ಮೂರನ್ನೂ ಒಂದರಲ್ಲೇ ತುರುಕಿದರೆ ದೀಪ ಸರಿಮಾಡಿ ಇಡೀ ದೂರನ್ನು ಮುಚ್ಚಿಬಿಡಬಹುದು. ಕೆಲಸ ಆಗದೆಯೇ ಮುಚ್ಚಿದ್ದರೆ ಅವತ್ತೇ ಮತ್ತೆ ಫೋಟೋ ತೆಗೆದು, ಹಳೇ ದೂರಿನ ನಂಬರನ್ನು ಹೊಸ ದೂರಿನ ಮೊದಲ ಸಾಲಲ್ಲೇ ಬರೆದು ಹಾಕಿ. ಸಿಟ್ಟು ಬರುತ್ತದೆ, ನನಗೂ ಬಂದಿತ್ತು. ಆದರೆ ಫೋನ್ ಎತ್ತುವ ಹುಡುಗಿಗೆ ಬೈದು ಪ್ರಯೋಜನವಿಲ್ಲ, ಆಕೆ ಆ ಚಪ್ಪಡಿಯನ್ನು ಕಂಡವಳಲ್ಲ.

ಎಂಜಿನಿಯರ್‌ಗೆ ಕಾಗದ

ಒಂದು ವಾರದಲ್ಲಿ ಏನೂ ಆಗದಿದ್ದರೆ ಕಾಗದ ಬರೆಯಿರಿ. ನನ್ನ ಲೆಕ್ಕದಲ್ಲಿ ಇಡೀ ದಾರಿಯಲ್ಲಿ ಹೆಚ್ಚು ಬೆಲೆಯಿರುವ ಹೆಜ್ಜೆ ಇದು. ವಾರ್ಡ್ ಮಟ್ಟದಲ್ಲಿ ರಸ್ತೆ, ಚರಂಡಿ ನೋಡಿಕೊಳ್ಳುವವರು ಸಹಾಯಕ ಎಂಜಿನಿಯರ್, ಎಲ್ಲರೂ ಎಇ ಅನ್ನುತ್ತಾರೆ. ಅವರ ಮೇಲೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಅಂದರೆ ಎಇಇ, ಅವರ ಮೇಲೆ ಕಾರ್ಯಪಾಲಕ ಎಂಜಿನಿಯರ್. ಮೊದಲ ಪತ್ರ ಎಇಗೆ, ಪ್ರತಿ ಎಇಇಗೆ. ನೇರವಾಗಿ ಆಯುಕ್ತರಿಗೆ ಬರೆದರೆ ಅದು ಮೆಟ್ಟಿಲು ಇಳಿದು ಕೊನೆಗೆ ಬರುವುದು ಎಇ ಮೇಜಿಗೇ.

ನಾವು ಬರೆದದ್ದು ಇಷ್ಟು:

“ವಿಷಯ: ನಮ್ಮ ಅಡ್ಡರಸ್ತೆಯು ಮುಖ್ಯರಸ್ತೆಗೆ ಸೇರುವ ತಿರುವಿನಲ್ಲಿ ಮುರಿದಿರುವ ಚರಂಡಿ ಚಪ್ಪಡಿ ಬದಲಿಸುವ ಬಗ್ಗೆ. ಮಾನ್ಯರೇ, ಮೇಲ್ಕಂಡ ಸ್ಥಳದಲ್ಲಿ ಸುಮಾರು ಮೂರು ಅಡಿ ಉದ್ದದ ಚಪ್ಪಡಿ ಮುರಿದು ಚರಂಡಿ ಬಾಯಿ ತೆರೆದಿದೆ. ಹಿರಿಯ ಮಹಿಳೆಯೊಬ್ಬರು ಬಿದ್ದು ಗಾಯಗೊಂಡಿದ್ದಾರೆ. ಪಕ್ಕದ ಶಾಲೆಯ ಮಕ್ಕಳು ಇದೇ ದಾರಿಯಲ್ಲಿ ನಡೆದುಹೋಗುತ್ತಾರೆ. ಈ ಕುರಿತು ಈಗಾಗಲೇ ನೀಡಿರುವ ದೂರುಗಳ ಸಂಖ್ಯೆ ಮತ್ತು ದಿನಾಂಕ ಕೆಳಗಿವೆ. ದಯವಿಟ್ಟು ಹೊಸ ಚಪ್ಪಡಿ ಹಾಕಿಸಬೇಕಾಗಿಯೂ, ಅಲ್ಲಿಯವರೆಗೆ ಸ್ಥಳದಲ್ಲಿ ತಡೆ ಇರಿಸಬೇಕಾಗಿಯೂ, ಕೆಲಸ ಆರಂಭವಾಗುವ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕಾಗಿಯೂ ಕೋರುತ್ತೇವೆ.”

ಕೆಳಗೆ ಹದಿನೇಳು ಸಹಿ, ಪ್ರತಿ ಸಹಿಯ ಮುಂದೆ ಮನೆ ನಂಬರ್. ಎರಡು ಫೋಟೋ ಲಗತ್ತು.

ಕಾಗದವನ್ನು ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಮೊಹರು, ತಾರೀಖು, ಸಹಿ ಹಾಕಿಸಿಕೊಂಡು ಬನ್ನಿ. “ಬಿಟ್ಟು ಹೋಗಿ, ನೋಡ್ತೀವಿ” ಅಂದರೆ “ಸೀಲ್ ಹಾಕ್ಕೊಡಿ ಸಾರ್, ಬೀದಿಯವರಿಗೆ ತೋರಿಸಬೇಕು” ಅಂತ ನಿಂತೇ ಇರಿ. ಹಾಕಲೊಪ್ಪದಿದ್ದರೆ ಜಗಳ ಬೇಡ, ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ನೋಟ್‌ಬುಕ್ಕಿಗೆ ಅಂಟಿಸಿ.

ಎಇಗಳ ಬಗ್ಗೆ ಒಂದು ಮಾತು. ಬೆಳಗ್ಗೆ ಹೊತ್ತು ಅವರು ಕಚೇರಿಯಲ್ಲಿ ಸಿಗುವುದು ಕಡಿಮೆ, ಸ್ಥಳ ಪರಿಶೀಲನೆಯಲ್ಲಿರುತ್ತಾರೆ. ಫೋನ್ ಮಾಡಿ ಸಮಯ ಕೇಳಿ, ಇಬ್ಬರೋ ಮೂವರೋ ಹೋಗಿ. ಇಪ್ಪತ್ತು ಜನ ನುಗ್ಗಿದರೆ ಅವರ ಮಾತೇ ಬದಲಾಗುತ್ತದೆ. ನಮ್ಮೊಂದಿಗೆ ಮಾತಾಡಿದ ಎಇ ಆ ಬೀದಿಯ ಚರಂಡಿ ಯಾವ ಕಡೆ ಇಳಿಜಾರು ಅಂತ ನಕ್ಷೆ ಬಿಡಿಸಿ ತೋರಿಸಿದರು. ಚಪ್ಪಡಿ ಅಚ್ಚು ಹಾಕಿ ಗಟ್ಟಿಯಾಗಲು ದಿನ ಬೇಕು, ತುರ್ತಿದ್ದರೆ ಬೇರೆ ಕಡೆ ಮಿಕ್ಕಿರುವ ಚಪ್ಪಡಿ ತರಿಸುತ್ತೇನೆ ಅಂದರು. ಆ ಕೋಣೆಗೆ ಹೋಗಿ ಕೂರದಿದ್ದರೆ ಆ ದಾರಿ ಇದೆಯೆಂದೇ ನಮಗೆ ತಿಳಿಯುತ್ತಿರಲಿಲ್ಲ.

ವಾರ್ಡ್ ಸಮಿತಿ

ಒಂದು ಚಪ್ಪಡಿಗೆ ಎಇ ಸಾಕು. ಇಡೀ ಬಡಾವಣೆಯ ಚರಂಡಿ ಬದಲಾಗಬೇಕು, ಪಾರ್ಕಿಗೆ ದುಡ್ಡು ಬೇಕು ಅಂದರೆ ವಾರ್ಡ್ ಸಮಿತಿಗೆ ಹೋಗಬೇಕು. ಇದು ಯಾರೋ ದಯಪಾಲಿಸಿದ ಕೊಡುಗೆಯಲ್ಲ. 1993ರ ಜೂನ್ 1ರಿಂದ ಜಾರಿಯಾದ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕೆಂದು 243ಎಸ್ ವಿಧಿಯಲ್ಲಿ ಹೇಳಿದೆ. ಬೆಂಗಳೂರಿನಲ್ಲಿ ಅದು ಕಾಗದದಿಂದ ಬೀದಿಗಿಳಿಯಲು ಹೈಕೋರ್ಟ್ ಮತ್ತೆ ಮತ್ತೆ ಹೇಳಬೇಕಾಯಿತು, ನಾಗರಿಕರು ಬೀದಿಗಿಳಿಯಬೇಕಾಯಿತು. 2018ರ ಕೊನೆಯ ಹೊತ್ತಿಗೆ ಪ್ರತಿ ತಿಂಗಳ ಮೊದಲ ಶನಿವಾರ ಸಭೆ ಎಂಬ ರೂಢಿ ಬಂತು. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ಕಾರ್ಪೊರೇಟರ್‌ಗಳಿಲ್ಲದೆ ನೋಡಲ್ ಅಧಿಕಾರಿಗಳೇ ಸಭೆ ನಡೆಸಿದರು. ಹೊಸ ಕಾಯ್ದೆಯಲ್ಲೂ ವಾರ್ಡ್ ಸಮಿತಿಗೆ ಜಾಗವಿದೆ.

ನೀವು ಕೇಳಬೇಕಾದ ಮೊದಲ ಪ್ರಶ್ನೆ: ನಮ್ಮ ವಾರ್ಡಿನ ಮುಂದಿನ ಸಭೆ ಯಾವತ್ತು, ಎಲ್ಲಿ? ಇದನ್ನು ಬರವಣಿಗೆಯಲ್ಲೇ ಕೇಳಿ. ಎರಡನೆಯದು: ಹಿಂದಿನ ಸಭೆಯ ನಡಾವಳಿ ಕೊಡಿ. ನಡಾವಳಿ ಸಿಕ್ಕರೆ ಅದರಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಎಂದಿರುವ ಸಾಲುಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ, ಮುಂದಿನ ಸಭೆಯಲ್ಲಿ ಅವುಗಳಿಂದಲೇ ಶುರುಮಾಡಿ. ಹೊಸ ಬೇಡಿಕೆಗಿಂತ ಹಳೇ ಮಾತಿಗೆ ತೂಕ ಹೆಚ್ಚು.

ಸಭೆಯಲ್ಲಿ ಮಾತಾಡಲು ಒಬ್ಬರನ್ನು ಮೊದಲೇ ಆರಿಸಿಕೊಳ್ಳಿ. ಎರಡು ನಿಮಿಷ, ಒಂದು ವಿಷಯ, ಕೈಯಲ್ಲಿ ಫೋಟೋ, ಕೊಡಲೊಂದು ಕಾಗದ. ಕೊನೆಗೆ “ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ” ಅನ್ನಲು ಮರೆಯಬೇಡಿ. ನಮ್ಮ ಬೀದಿಯಿಂದ ಹೋದದ್ದು ಟೈಲರ್ ಅಕ್ಕ. ಬಾಟಲಿಯಲ್ಲಿ ನಲ್ಲಿಯ ಕೆಂಪು ನೀರು ಹಿಡಿದು ತಂದು ಮೇಜಿನ ಮೇಲಿಟ್ಟರು. ಅವರು ಹೆಚ್ಚು ಮಾತಾಡಲಿಲ್ಲ. ಬಾಟಲಿ ಮೇಜಿನ ಮೇಲಿರುವಷ್ಟು ಹೊತ್ತು ಬೇರೆ ಯಾರೂ ಮಾತು ತೇಲಿಸಲಿಲ್ಲ.

ಮಾಹಿತಿ ಹಕ್ಕು, ಬೇಕಾದಾಗ ಮಾತ್ರ

ಕೇಳಿದ ಕೂಡಲೇ ಉತ್ತರ ಕೊಡುವ ಎಂಜಿನಿಯರ್ ಇದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯವರೆಗೆ ಹೋಗುವ ಅಗತ್ಯವಿಲ್ಲ. ಹೋದ ವರ್ಷ ಡಾಂಬರು ಹಾಕಿದ ರಸ್ತೆ ಈ ವರ್ಷ ಕಿತ್ತುಬಂದಿದ್ದರೆ ಅದು ಕೈಗೆ ಬರುವ ಆಯುಧ.

ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಿದರಾಯಿತು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಯಾಕೆ ಕೇಳುತ್ತಿದ್ದೀರಿ ಎಂದು ಹೇಳಬೇಕಾಗಿಯೂ ಇಲ್ಲ. ತಪ್ಪು ಕಚೇರಿಗೆ ಕೊಟ್ಟಿದ್ದರೆ 6(3)ನೇ ಕಲಮಿನಂತೆ ಐದು ದಿನದೊಳಗೆ ಅವರೇ ಸರಿಯಾದ ಕಚೇರಿಗೆ ಕಳಿಸಬೇಕು.

ಪ್ರಶ್ನೆ ಹೇಗಿರಬೇಕೆನ್ನುವುದರಲ್ಲೇ ಎಲ್ಲ ಇದೆ. “ನಮ್ಮ ರಸ್ತೆ ಯಾಕೆ ಹಾಳಾಗಿದೆ?” ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸಬಹುದು. ದಾಖಲೆಯ ಹೆಸರು ಹೇಳಿ ಕೇಳಿ: ಈ ರಸ್ತೆಯ ಕೊನೆಯ ಡಾಂಬರೀಕರಣದ ಕಾರ್ಯಾದೇಶದ ಪ್ರತಿ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಪಾವತಿಯಾದ ಬಿಲ್ಲಿನ ಪ್ರತಿ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ. ಈ ಕೊನೆಯದು ಬಹಳ ಮುಖ್ಯ. ಆ ಅವಧಿಯೊಳಗೆ ರಸ್ತೆ ಕಿತ್ತರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಮಾಡಿಕೊಡಬೇಕು, ಹೊಸ ಟೆಂಡರ್ ಬೇಕಾಗಿಲ್ಲ. ಕಾಮಗಾರಿಯ ಜಾಬ್ ನಂಬರ್ ಗೊತ್ತಿದ್ದರೆ ಹುಡುಕಾಟ ಸಲೀಸು. ಬಿಬಿಎಂಪಿ ಕಾಲದ ಜಾಬ್ ನಂಬರಿನಲ್ಲಿ ಮೊದಲು ವಾರ್ಡ್, ಆಮೇಲೆ ವರ್ಷ, ಆಮೇಲೆ ಕ್ರಮಸಂಖ್ಯೆ ಇರುತ್ತಿತ್ತು. ಹಳೇ ವಾರ್ಡ್ ನಂಬರ್ ಬರೆದಿಡಿ ಅಂದದ್ದು ಇದಕ್ಕೇ.

ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ ತೊಂಬತ್ತು ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಅವಧಿ ಮೀರಿದ ಮೇಲೆ ಕೊಡುವ ಪ್ರತಿಗಳಿಗೆ ದುಡ್ಡು ಕೇಳುವಂತಿಲ್ಲ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ಆಯೋಗ ದಂಡ ಹಾಕಬಹುದು. ಕಡತವನ್ನು ನೀವೇ ಕೂತು ನೋಡುವ ಹಕ್ಕೂ ಇದೆ, ನೂರು ಪುಟ ಜೆರಾಕ್ಸ್ ಮಾಡಿಸುವ ಬದಲು ಅದೇ ಎಷ್ಟೋ ವಾಸಿ.

ಜನನ ಪ್ರಮಾಣಪತ್ರ, ಖಾತೆ ವರ್ಗಾವಣೆಯಂಥ ಸ್ವಂತ ಕೆಲಸಗಳಿಗೆ, ಗೊತ್ತುಪಡಿಸಿದ ದಿನದೊಳಗೆ ಸೇವೆ ಕೊಡಬೇಕೆನ್ನುವ ‘ಸಕಾಲ’ ವ್ಯವಸ್ಥೆ ಇದೆ. ಅರ್ಜಿ ಕೊಟ್ಟಾಗ ಸಿಗುವ ಹದಿನೈದು ಅಂಕಿಯ ಜಿಎಸ್‌ಸಿ ನಂಬರನ್ನು ಕೇಳಿ ಪಡೆಯಿರಿ.

ಕಸದ ಮೂಲೆ

ಕೆಲವು ಕೆಲಸ ಪಾಲಿಕೆಯೊಂದೇ ಮಾಡಿ ಮುಗಿಯುವುದಿಲ್ಲ. ನಮ್ಮ ಬೀದಿಯ ಕಂಬದ ಬುಡದಲ್ಲಿ ಬ್ಲ್ಯಾಕ್ ಸ್ಪಾಟ್, ಅಂದರೆ ಜನ ಕಸ ತಂದು ಎಸೆಯುವ ಜಾಗ, ಇತ್ತು. ದೂರು ಕೊಟ್ಟರೆ ಲಾರಿ ಬಂದು ಎತ್ತುತ್ತಿತ್ತು, ರಾತ್ರಿ ಕಳೆದರೆ ಮತ್ತೆ ಕವರುಗಳ ರಾಶಿ. ಮೂರು ದಿನ ಬೆಳಗ್ಗೆ ಐದೂವರೆಗೆ ಎದ್ದು ನಿಂತು ನೋಡಿದೆವು. ಹಾಕುತ್ತಿದ್ದವರು ಕೆಟ್ಟವರಲ್ಲ. ಕಸದ ಆಟೋ ಏಳೂವರೆಗೆ ಬರುತ್ತಿತ್ತು, ಅವರು ಆರಕ್ಕೇ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುತ್ತಿದ್ದರು. ಆಟೋದವರಿಗೆ ಮೊದಲು ನಮ್ಮ ಬೀದಿಯಿಂದಲೇ ಶುರುಮಾಡಲು ಕೇಳಿಕೊಂಡೆವು. ಹಾಗೂ ಆಗದವರ ಹಸಿ ಕಸದ ಬಕೆಟ್ಟನ್ನು ಪಕ್ಕದ ಮನೆಯವರು ಕೊಡುವುದೆಂದಾಯಿತು. ಕಂಬದ ಬುಡ ತೊಳೆದು ರಂಗೋಲಿ ಹಾಕಿದ್ದು ಅದೆಲ್ಲ ಆದ ಮೇಲೆ. ಸಮಯ ಸರಿಮಾಡದೆ ರಂಗೋಲಿ ಮಾತ್ರ ಹಾಕಿದ್ದರೆ ಮಾರನೇ ದಿನ ಅದರ ಮೇಲೆಯೇ ಕವರು ಬೀಳುತ್ತಿತ್ತು.

ಹಸಿ, ಒಣ, ಸ್ಯಾನಿಟರಿ ಮೂರನ್ನೂ ಬೇರೆ ಬೇರೆಯಾಗಿಯೇ ಕೊಡಿ. ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ ಮೇಲೆ ಬರೆದು ಕೊಡಿ. ಪೌರಕಾರ್ಮಿಕ ಅಕ್ಕನ ಅಂಗೈಯಲ್ಲಿದ್ದ ಸೀಳುಗಾಯ ನೋಡಿದ ಮೇಲೆ ನಮ್ಮ ಮನೆಯಲ್ಲಿ ಅದು ತಪ್ಪಿಲ್ಲ.

ಮತದಾರರ ಪಟ್ಟಿ

ಪಾಲಿಕೆ ಚುನಾವಣೆಗೂ ಆಧಾರ ವಿಧಾನಸಭಾ ಮತದಾರರ ಪಟ್ಟಿಯೇ. ಮನೆ ಬದಲಿಸಿದ್ದರೆ ನಮೂನೆ 8, ಹೊಸದಾಗಿ ಸೇರಿಸಲು ನಮೂನೆ 6. ಬೀದಿಯ ಬಾಡಿಗೆದಾರರಿಗೂ ಹೇಳಿ. ವಾರ್ಡಿನಲ್ಲಿ ಓಟಿರುವ ಸಹಿಗಳ ಕಾಗದವನ್ನು ನಾಳೆ ಬರುವ ಕಾರ್ಪೊರೇಟರ್ ಬೇರೆ ಕಣ್ಣಿನಿಂದ ಓದುತ್ತಾರೆ.

ಕೆಲಸ ನಡೆಯುವ ದಿನ

ಕೆಲಸದವರು ಬಂದ ದಿನ ಬೀದಿಯ ಒಬ್ಬರಾದರೂ ಅಲ್ಲಿರಿ. ಚಪ್ಪಡಿ ಕೂರಿಸುವ ಮುಂಚೆ ಕೆಳಗಿನ ಹೂಳು, ಬಿದ್ದ ಮುರುಕು ತೆಗೆಸಿ. ತೆಗೆದ ಹೂಳನ್ನು ಪಕ್ಕದಲ್ಲೇ ಬಿಟ್ಟುಹೋದರೆ ಮುಂದಿನ ಮಳೆಗೆ ಅದು ಮತ್ತೆ ಒಳಗೇ. ನಮ್ಮ ಚಪ್ಪಡಿ ತಂದದ್ದು ನಾಲ್ವರು ಕೆಲಸಗಾರರು, ಬಿಸಿಲು ಜೋರಿತ್ತು. ಅಜ್ಜಿ ಮಜ್ಜಿಗೆ ಮಾಡಿಸಿ ಕಳಿಸಿದರು. ಸಂದಿಗೆ ಮೆತ್ತಿದ ಸಿಮೆಂಟಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಏಳು ದಿನ ಬೆಳಗ್ಗೆ ಸಂಜೆ ನೀರು ಹಾಕುವ ಕೆಲಸ ಎದುರುಮನೆಯ ಇಬ್ಬರು ಹುಡುಗರ ಪಾಲಿಗೆ ಬಂತು. ಟ್ಯಾಂಕರ್ ಮತ್ತೆ ಹತ್ತದಂತೆ ತಿರುವಿನಲ್ಲಿ ಎರಡು ಕಲ್ಲು ನೆಡಿಸಲು ಎಇ ಒಪ್ಪಿದ್ದಾರೆ.

ಮುಗಿದ ಮೇಲೆ ಮತ್ತೆ ಅದೇ ಎರಡು ಫೋಟೋ ತೆಗೆಯಿರಿ. ಎಇಗೆ ನಾಲ್ಕು ಸಾಲಿನ ಧನ್ಯವಾದದ ಕಾಗದ ಕೊಡಿ, ಅದಕ್ಕೂ ಮೊಹರು ಹಾಕಿಸಿಕೊಳ್ಳಿ. ಕಂಡಕ್ಟರ್ ಅಂಕಲ್ ನೋಟ್‌ಬುಕ್ಕಿನಲ್ಲಿ ಆ ಸಾಲಿಗೆ ಕೆಂಪು ಪೆನ್ನಿನಿಂದ ಗೀಟು ಎಳೆದು, ಕೆಳಗಿನ ಸಾಲಿನಲ್ಲಿ ಆಗಲೇ ಕಂಬದ ನಂಬರ್ ಬರೆಯುತ್ತಿದ್ದರು.